ಸೈರನ್ನಿಗೆ ಮುಂಚೆ

ನಮ್ಮೂರು ಮಿಂಡಾರಿಯ ಫುಟ್‌ಬಾಲ್ ತಂಡ ಸೋಲುವುದನ್ನು ನೋಡಲು ಚಳಿಗಾಲದ ಪ್ರತಿ ಶನಿವಾರ ನಾನು ಹನ್ನೆರಡು ಗಂಟೆಗೇ ಮನೆ ಬಿಡುತ್ತೇನೆ. ಆಟ ಶುರುವಾಗುವುದು ಎರಡಕ್ಕೆ. ಉತ್ತರದ ಗೋಲು ಕಂಬಗಳ ಪಕ್ಕ, ಮೈದಾನದ ಬೇಲಿಗೆ ಮೂತಿ ತಾಗಿಸಿ, ನನ್ನ ಅಪ್ಪ ಗಾಡಿ ನಿಲ್ಲಿಸುತ್ತಿದ್ದ ಜಾಗದಲ್ಲೇ ನನ್ನ ಪಿಕಪ್ ನಿಲ್ಲಿಸುತ್ತೇನೆ. ಆ ಜಾಗಕ್ಕೆ ಊರಿನಲ್ಲಿ ಬೇರೆ ಯಾರೂ ಆಸೆಪಟ್ಟವರಿಲ್ಲ. ಆದರೂ ಬೇಗ ಹೋಗುತ್ತೇನೆ. ಸೋಲನ್ನು ಮೊದಲಿನಿಂದ ಕೊನೆಯವರೆಗೆ ನೋಡದವರಿಗೆ ಬೈಯುವ ಹಕ್ಕಿಲ್ಲ ಎಂಬುದು ನನ್ನ ನಿಯಮ.

ನಮ್ಮ ತಂಡಕ್ಕೆ ಗಲಾಗಳು ಎಂದು ಹೆಸರು. ಗಲಾ ಎಂದರೆ ಗುಲಾಬಿ ಎದೆಯ ಬೂದು ಗಿಳಿ, ಗೋಧಿ ಸುರಿದಲ್ಲೆಲ್ಲ ಗುಂಪು ಕಟ್ಟಿಕೊಂಡು ಕಿರುಚುವ ಜಾತಿ. ನಮ್ಮ ಕಡೆ ಶತಮೂರ್ಖನನ್ನು ಬೈಯುವುದೂ ಅದೇ ಹೆಸರಿನಿಂದ. ತೊಂಬತ್ತು ವರ್ಷಗಳ ಹಿಂದೆ ಈ ಹೆಸರಿಟ್ಟ ಪುಣ್ಯಾತ್ಮರು ದೂರದೃಷ್ಟಿಯುಳ್ಳವರೇ ಇರಬೇಕು.

ನಮ್ಮ ಫುಟ್‌ಬಾಲನ್ನು ಕೈಯಲ್ಲೂ ಹಿಡಿಯಬಹುದು, ಎದುರಾಳಿಯನ್ನು ಕೆಡವಲೂಬಹುದು. ನಡುವಿನ ಎರಡು ಎತ್ತರದ ಕಂಬಗಳ ನಡುವೆ ಒದ್ದರೆ ಗೋಲು, ಆರು ಅಂಕ. ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ ಒಂದು. ಅಂದರೆ ಗುರಿ ತಪ್ಪಿದವನಿಗೂ ಸಮಾಧಾನಕ್ಕೆಂದು ಒಂದು ಅಂಕ ಕೊಡುವ ದಯಾಳು ಆಟ ಇದು. ಮಿಂಡಾರಿಯವರು ಬದುಕಿಕೊಂಡಿರುವುದೇ ಈ ಒಂದೊಂದರ ಮೇಲೆ. ಮೂರು ವರ್ಷದಿಂದ ಒಂದೂ ಪಂದ್ಯ ಗೆದ್ದಿಲ್ಲ. ಸತತ ನಲವತ್ತೇಳು ಸೋಲು. ಒಂದು ವಾರ ಗಾಳಿ ಎದುರಿಗಿತ್ತು ಎನ್ನುತ್ತಾರೆ, ಇನ್ನೊಂದು ವಾರ ಬಿಸಿಲು ಕಣ್ಣಿಗೆ ಹೊಡೆಯಿತು ಎನ್ನುತ್ತಾರೆ. ಅಂಪೈರನ ಹೆಂಡತಿಯ ತವರು ಎದುರಾಳಿಗಳ ಊರು ಎಂದು ಪತ್ತೆ ಹಚ್ಚಿದ್ದೂ ಉಂಟು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಇವರನ್ನು ಬೈಯಲು ನನಗೆ ವಿಶೇಷ ಅರ್ಹತೆಯಿದೆ. ಇಪ್ಪತ್ತಾರು ವರ್ಷ ಈ ಊರಿನ ಶಾಲಾ ಬಸ್ ಓಡಿಸಿದವಳು ನಾನು, ನೋಲೀನ್. ಇಂದು ಎದೆಯುಬ್ಬಿಸಿ ಮೈದಾನಕ್ಕಿಳಿಯುವ ಹದಿನೆಂಟು ಮಂದಿಯಲ್ಲಿ ಹದಿನಾಲ್ಕು ಮಂದಿ ನನ್ನ ಬಸ್ಸಿನಲ್ಲಿ ವಾಂತಿ ಮಾಡಿದವರೇ. ಯಾರು ಎಂಥವರು ಎಂಬುದು ಆಗಲೇ ಗೊತ್ತಾಗಿತ್ತು. ಕಿಟಕಿಯಿಂದಾಚೆ ಎಸೆಯಬೇಕಾದ ಸೇಬನ್ನು ಕಿಟಕಿಯ ಚೌಕಟ್ಟಿಗೇ ಬಡಿದು ವಾಪಸ್ ಬೀಳಿಸಿಕೊಳ್ಳುತ್ತಿದ್ದ ಹುಡುಗ ಈಗ ನಮ್ಮ ಮುಂಚೂಣಿಯ ಗೋಲು ಹೊಡೆಯುವವನು.

ಉಳಿದವರಲ್ಲಿ ಒಬ್ಬ ನನ್ನ ಮಗ ಡೇಮಿಯನ್, ಊರಿಗೆಲ್ಲ ಡೇಮೋ. ಮೂವತ್ತೆಂಟು ವರ್ಷ, ಎರಡು ಹಾಳಾದ ಮಂಡಿ. ಇಪ್ಪತ್ತೊಂದು ವರ್ಷದಿಂದ ಗೋಲು ಕಂಬಗಳ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಫುಲ್ ಬ್ಯಾಕ್ ಅವನೇ. ತಡೆಯುವ ಎಂದು ಬರೆದದ್ದು ಅಭ್ಯಾಸಬಲದಿಂದ. ಮಗ ಎಂದು ನಾನು ರಿಯಾಯಿತಿ ಕೊಟ್ಟವಳಲ್ಲ.

ಆಟ ನೋಡುವಾಗ ನನ್ನ ಪಕ್ಕದ ಸೀಟಿನಲ್ಲಿ ಡೆಸ್ ಕೂರುತ್ತಾನೆ. ನಮ್ಮ ಪಕ್ಕದ ಜಮೀನಿನವನು, ಎಪ್ಪತ್ತೊಂದು ವರ್ಷದ ವಿಧುರ. ಬರುವಾಗ ಎರಡು ಮಾಂಸದ ಪೈ ತರುತ್ತಾನೆ, ಫ್ಲಾಸ್ಕಿನ ಚಹಾ ನನ್ನದು. ಅವನಲ್ಲಿ ಒಂದೇ ಒಂದು ಕೆಟ್ಟ ಚಾಳಿ. ಪ್ರತಿ ಶನಿವಾರವೂ ನಾವು ಗೆಲ್ಲುತ್ತೇವೆ ಎಂದು ನಂಬುತ್ತಾನೆ.

"ಈ ಸಲ ನೋಡು ನೋಲೀನ್. ಹುಡುಗರ ನಡಿಗೇಲೇ ಏನೋ ಬೇರೆ ಇದೆ," ಎನ್ನುತ್ತಾನೆ.

"ಅದು ಮೂಲವ್ಯಾಧಿ," ಎನ್ನುತ್ತೇನೆ ನಾನು.

ನಮ್ಮ ತಂಡ ಗೋಲು ಹೊಡೆದಾಗ ಬೇಲಿಯ ಸುತ್ತ ನಿಂತ ಗಾಡಿಗಳೆಲ್ಲ ಹಾರನ್ ಹೊಡೆಯುತ್ತವೆ. ಊರಿನ ಚಪ್ಪಾಳೆ ಅದು. ಚಳಿಯಲ್ಲಿ ಯಾರು ಗಾಡಿಯಿಂದ ಇಳಿದು ಕೈ ತಟ್ಟುತ್ತಾರೆ? ನಾನೊಬ್ಬಳು ಮಾತ್ರ ಹೊಡೆಯುವುದಿಲ್ಲ. ಎಪ್ಪತ್ತನಾಲ್ಕನೇ ಇಸವಿಯ ಫೈನಲ್‌ನಲ್ಲಿ ನನ್ನ ಅಪ್ಪ ಆಟ ಮುಗಿಯಲು ಇನ್ನೂ ನಾಲ್ಕು ನಿಮಿಷವಿರುವಾಗ ಗೆದ್ದೆವೆಂದು ಹಾರನ್ ಹೊಡೆದು ಕುಣಿದಿದ್ದ. ಎರಡು ಅಂಕದಲ್ಲಿ ಸೋತೆವು. ಅಪ್ಪ ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ಒಂದೇ ಮಾತು ಹೇಳಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಮಗಳೇ, ಕೊನೆಯ ಸೈರನ್ ಆಗುವ ತನಕ ಹಾರನ್ ಮುಟ್ಟಬೇಡ. ನಾನು ಮುಟ್ಟಿಲ್ಲ. ಗೆದ್ದ ವರ್ಷಗಳಲ್ಲೂ ಸೈರನ್ ಆದ ಮೇಲೆ ಒಂದು ಸಲ, ಚಿಕ್ಕದಾಗಿ, ಅಷ್ಟೇ. ಕಳೆದ ಮೂರು ವರ್ಷದಿಂದ ಅದಕ್ಕೂ ಕೆಲಸವಿರಲಿಲ್ಲ.

ಈ ವರ್ಷ ಮಾರ್ಚಿನಲ್ಲೇ ಸುದ್ದಿ ಬಂತು. ನಮ್ಮ ಕ್ಲಬ್ಬನ್ನು ಕೆಲ್ಟನ್ ಕ್ಲಬ್ಬಿನ ಜೊತೆ ಸೇರಿಸುವ ಯೋಚನೆಯಿದೆ ಎಂದು. ಕೆಲ್ಟನ್ ನಮಗೆ ಇಪ್ಪತ್ತೆಂಟು ಕಿಲೋಮೀಟರ್. ಒಂದು ಟ್ರಾಫಿಕ್ ದೀಪ ಇರುವುದಕ್ಕೆ ತಮ್ಮದು ನಗರ ಎಂದುಕೊಂಡಿರುವ ಜನ. ಸೇರಿದರೆ ತಂಡದ ಹೆಸರು ಕೆಲ್ಟನ್-ಮಿಂಡಾರಿ ಆಗುತ್ತದೆ. ಎರಡು ವರ್ಷ ಹೋದರೆ ಬಾಲದ ತುದಿಯ ಮಿಂಡಾರಿ ಉದುರುತ್ತದೆ. ಸುತ್ತಮುತ್ತಲ ಐದಾರು ಊರುಗಳಿಗೆ ಆದದ್ದನ್ನು ಕಣ್ಣಾರೆ ಕಂಡಿದ್ದೇವೆ. ಆ ಊರುಗಳ ಮೈದಾನದಲ್ಲಿ ಈಗ ಕುರಿ ಮೇಯುತ್ತವೆ, ಶನಿವಾರ ಯಾರಿಗೂ ಯಾರ ಮುಖವೂ ಕಾಣಿಸುವುದಿಲ್ಲ.

ಕ್ಲಬ್ಬಿನ ಅಧ್ಯಕ್ಷ ವೇಯ್ನ್, ಹಾರ್ಡ್‌ವೇರ್ ಅಂಗಡಿಯವನು, ಮತದಾನದ ಸಭೆಯನ್ನು ಇಟ್ಟುಕೊಂಡದ್ದು ಕೊನೆಯ ಪಂದ್ಯದ ದಿನ ಸಂಜೆ ಐದೂವರೆಗೆ. ಕೊನೆಯ ಪಂದ್ಯ ಯಾರ ಮೇಲೆ? ಕೆಲ್ಟನ್ ಮೇಲೆಯೇ. ಇಂಥ ಬುದ್ಧಿ ನಮ್ಮವರಿಗೆ ಮಾತ್ರ ಹೊಳೆಯುತ್ತದೆ. ಲೆಕ್ಕ ಎಲ್ಲರಿಗೂ ಸ್ಪಷ್ಟವಿತ್ತು. ಅಂದು ಕೆಲ್ಟನ್‌ನವರನ್ನು ಸೋಲಿಸಿದರೆ ಅವರ ಜೊತೆ ಸೇರಲು ಯಾವನೂ ಕೈ ಎತ್ತುವುದಿಲ್ಲ. ಸೋತರೆ ಕ್ಲಬ್ ಹೋಯಿತು.

"ನಾನಂತೂ ಎರಡೂ ಕೈ ಎತ್ತುತೀನಿ, ಸೇರಿಸಿಬಿಡಿ ಅಂತ," ಎಂದು ಚಳಿಗಾಲವಿಡೀ ಹೇಳಿಕೊಂಡು ತಿರುಗಿದೆ. "ಹೆಣಕ್ಕೆ ಎಷ್ಟು ದಿನ ಬಟ್ಟೆ ಬದಲಾಯಿಸ್ತೀರಿ?"

"ಬಾಯಲ್ಲಿ ಹೇಳ್ತೀಯ ಅಷ್ಟೇ," ಎಂದ ಡೆಸ್.

ಅವನು ಹೇಳಿದ್ದು ನಿಜ. ಬೈಯುವುದಕ್ಕೆ ಅವರು ಬೇಕಿತ್ತು ನನಗೆ. ಬರೀ ಬೈಯುವುದಕ್ಕಲ್ಲ ಎಂಬುದೂ ಗೊತ್ತಿತ್ತು, ಆದರೆ ಅದನ್ನು ಹೊರಗೆ ಹೇಳುವ ಅಭ್ಯಾಸ ನನಗೆ ಬರಲೇ ಇಲ್ಲ.

ಆ ಶನಿವಾರ ಊರಿಗೂರೇ ಬಂದಿತ್ತು. ಹತ್ತು ವರ್ಷದಿಂದ ಮೈದಾನದ ಕಡೆ ತಲೆ ಹಾಕದವರೂ ಕುತ್ತಿಗೆಗೆ ಗುಲಾಬಿ-ಬೂದು ಶಾಲು ಸುತ್ತಿಕೊಂಡು ಬಂದಿದ್ದರು. ಸಾವಿನ ಮನೆಗೆ ಹೀಗೆಯೇ ಜನ ಸೇರುವುದು. ಕೆಲ್ಟನ್‌ನವರು ಎರಡು ಬಸ್ಸಿನಲ್ಲಿ ಬಂದರು. ಬೆಳಿಗ್ಗೆ ನೆಟ್‌ಬಾಲಿನಲ್ಲಿ, ಅಂದರೆ ಎತ್ತರದ ಬಳೆಯೊಳಗೆ ಚೆಂಡು ಹಾಕುವ ಆಟದಲ್ಲಿ, ನಮ್ಮದೇ ಕ್ಲಬ್ಬಿನ ಹುಡುಗಿಯರು ಕೆಲ್ಟನ್ ಹುಡುಗಿಯರನ್ನು ಹದಿನೇಳು ಗೋಲುಗಳಿಂದ ಸೋಲಿಸಿದ್ದರಂತೆ. ಅದನ್ನು ನೋಡಿದವರು ಯಾರೂ ಇರಲಿಲ್ಲ. ನೆಟ್‌ಬಾಲ್ ಅಂಕಣ ಇರುವುದು ಶೌಚಾಲಯದ ಹಿಂದೆ.

ಮೊದಲ ಕಾಲು ಭಾಗದಲ್ಲಿ ನಮ್ಮವರು ಎರಡು ಗೋಲು ಹೊಡೆದರು. ಹಾರನ್‌ಗಳು ಒರಲಿದವು. ನಾನು ಪೈ ತಿಂದೆ. ಅರ್ಧ ಆಟಕ್ಕೆ ಇಬ್ಬರೂ ಸಮಸಮ. ಮುಕ್ಕಾಲು ಆಟ ಮುಗಿದಾಗ ನಾವು ಐದು ಅಂಕ ಹಿಂದೆ.

"ಐದೇ!" ಎಂದ ಡೆಸ್. ಅವನ ಗಲ್ಲದ ಮೇಲೆ ಟೊಮೆಟೊ ಸಾಸ್ ಅಂಟಿತ್ತು. "ಹೋದ ಸಲ ಇವರ ಮೇಲೇ ತೊಂಬತ್ತಾರು ಅಂಕದಲ್ಲಿ ಸೋತಿದ್ವಿ."

"ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಬಾಯಿ ಒರೆಸ್ಕೋ."

ಮುಕ್ಕಾಲು ಆಟದ ಬಿಡುವಿನಲ್ಲಿ ಊರವರೆಲ್ಲ ಬೇಲಿ ದಾಟಿ ಮೈದಾನದೊಳಗೆ ಹೋಗಿ, ಆಟಗಾರರ ಸುತ್ತ ನಿಂತು ಕೋಚ್ ಬೈಯುವುದನ್ನು ಕೇಳುವುದು ಪದ್ಧತಿ. ನಾನೂ ಹೋದೆ. ಡೇಮೋ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದ. ಎಡ ಮಂಡಿ ಕಲ್ಲಂಗಡಿಯಷ್ಟು ಊದಿತ್ತು. ಅವನು ಕಾಯುತ್ತಿದ್ದ ಕೆಲ್ಟನ್ ಆಟಗಾರ ಇಪ್ಪತ್ತೆರಡರ ಹರೆಯದವನು, ಪೇಟೆಯಿಂದ ದುಡ್ಡು ಕೊಟ್ಟು ಕರೆಸಿದ ಕುದುರೆ. ಆ ಕುದುರೆಗೆ ನನ್ನ ಮಗ ಮುಕ್ಕಾಲು ಆಟದಲ್ಲಿ ಒಂದೇ ಗೋಲು ಬಿಟ್ಟಿದ್ದ. ಅದು ಸಾಧಾರಣ ಕೆಲಸವಲ್ಲ ಎಂದು ನನಗೆ ಗೊತ್ತಿತ್ತು.

"ಅಮ್ಮಾ, ಇವತ್ತಾದ್ರೂ ಒಂದು ಒಳ್ಳೇ ಮಾತು ಹೇಳು," ಎಂದ ಅವನು ನಗುತ್ತ.

"ಲೇಸ್ ಬಿಚ್ಚಿದೆ, ಕಟ್ಕೋ," ಎಂದು ಹೇಳಿ ಬಂದೆ.

ಕೊನೆಯ ಭಾಗದಲ್ಲಿ ನಮ್ಮವರು ಕಾಯಬೇಕಾದ ಗೋಲು ಉತ್ತರದ್ದು. ಅಂದರೆ ಡೇಮೋ ನನ್ನ ಪಿಕಪ್ಪಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಅವನು ಏದುಸಿರು ಬಿಡುವುದೂ ಕಾಣಿಸುತ್ತಿತ್ತು. ಆಟ ಹೇಗೆ ಹೋಯಿತು ಎಂದು ಪೂರ್ತಿ ಹೇಳುವ ಶಕ್ತಿ ನನಗಿಲ್ಲ. ಅವರು ಒಂದು ಹೊಡೆದರು, ನಾವು ಎರಡು ಹೊಡೆದೆವು. ಸೇಬು ಎಸೆಯುತ್ತಿದ್ದ ಆ ಹುಡುಗ, ಹುಟ್ಟಿದಂದಿನಿಂದ ಯಾವ ಕಂಬದ ನಡುವೆಯೂ ಏನನ್ನೂ ಹಾಕದವನು, ಬೇಲಿಯ ಮೂಲೆಯಿಂದ ಬಾಳೆಹಣ್ಣಿನಂತೆ ಬಾಗಿಸಿ ಒದ್ದು ಗೋಲು ಹೊಡೆದುಬಿಟ್ಟ. ಅಂಕದ ಹಲಗೆಯ ಮೇಲೆ ಮಿಂಡಾರಿ ಅರವತ್ತೊಂದು, ಕೆಲ್ಟನ್ ಅರವತ್ತು.

ಹಾರನ್‌ಗಳ ಆರ್ಭಟಕ್ಕೆ ಗೋಧಿ ಗೋದಾಮಿನ ಮೇಲಿದ್ದ ಗಿಳಿಗಳೆಲ್ಲ ಎದ್ದವು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

"ಎಷ್ಟು ಹೊತ್ತಿದೆ ಇನ್ನೂ?" ಎಂದು ಡೆಸ್ ಕೇಳಿದ. ಅವನ ದನಿ ಬದಲಾಗಿತ್ತು.

ಅದು ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಮೈದಾನದಲ್ಲಿ ಗಡಿಯಾರವಿಲ್ಲ. ಹೊತ್ತು ಗೊತ್ತಿರುವುದು ಮರದ ಗೂಡಿನಲ್ಲಿ ಕುಳಿತ ಸಮಯಪಾಲಕರಿಗೆ ಮಾತ್ರ, ನಮ್ಮ ಕಡೆಯಿಂದ ಒಬ್ಬ, ಎದುರಾಳಿಯ ಕಡೆಯಿಂದ ಒಬ್ಬ. ನಮ್ಮವನು ಅರ್ನಿ, ಎಂಬತ್ತರ ಮುದುಕ. ಮೂವತ್ತು ವರ್ಷದಿಂದ ಸೈರನ್ ಗುಂಡಿ ಒತ್ತುವವನು ಅವನೇ. ಕುಳಿತೇ ಒತ್ತಬಹುದಾದ ಆ ಗುಂಡಿಯನ್ನು ಅವನು ರಾಷ್ಟ್ರಗೀತೆಗೆ ನಿಂತವನ ಹಾಗೆ ಎದ್ದು ನಿಂತು, ಮೈ ನೆಟ್ಟಗೆ ಮಾಡಿಕೊಂಡು ಒತ್ತುತ್ತಾನೆ. ನನ್ನ ಜಾಗದಿಂದ ಆ ಗೂಡು ಚೆನ್ನಾಗಿ ಕಾಣಿಸುತ್ತದೆ. ಕೊನೆಯ ಹೊತ್ತಿನಲ್ಲಿ ನಾನು ಚೆಂಡು ನೋಡುವುದನ್ನು ಬಿಟ್ಟು ಅರ್ನಿಯನ್ನೇ ನೋಡುತ್ತಿದ್ದೆ.

ಕೆಲ್ಟನ್‌ನವರು ಚೆಂಡನ್ನು ನಮ್ಮ ಕಡೆಗೆ ತಂದರು. ಹೋಯಿತು ಎಂದುಕೊಂಡೆ. ಡೇಮೋ ಆ ಕುದುರೆಯ ಹೆಗಲ ಮೇಲಿನಿಂದ ಹಾರಿ ಮುಷ್ಟಿಯಲ್ಲಿ ಚೆಂಡನ್ನು ಗುದ್ದಿ ಆಚೆ ಕಳಿಸಿದ. ಮತ್ತೆ ತಂದರು. ಮತ್ತೆ ಗುದ್ದಿದ. ಮೂರನೆಯ ಸಲ ಬಿದ್ದವನು ಕುಂಟುತ್ತ ಎದ್ದ. ದೇವರನ್ನು ನಂಬದ ನಾನು ಯಾರನ್ನೋ ಬೇಡಿಕೊಳ್ಳುತ್ತಿದ್ದೆ. ಇದೊಂದು ಸಲ, ಈ ಕತ್ತೆಗಳಿಗೆ ಇದೊಂದು ಸಲ.

ಆಗ ಅರ್ನಿ ಎದ್ದು ನಿಂತ.

ಎದ್ದು ನಿಂತ, ಮೈ ನೆಟ್ಟಗೆ ಮಾಡಿದ, ಕೈ ಚಾಚಿದ. ಇಷ್ಟನ್ನು ನಾನು ನೋಡಿದೆ. ಮುಂದಿನದನ್ನು ನೋಡಲಿಲ್ಲ. ಎರಡೂ ಮೊಣಕೈಗಳನ್ನು ಹಾರನ್ನಿನ ಮೇಲೆ ಊರಿ, ಕಣ್ಣು ಮುಚ್ಚಿ, ತಲೆಯನ್ನು ಸ್ಟೀರಿಂಗ್ ಮೇಲೆ ಇಟ್ಟುಬಿಟ್ಟೆ. ಹಾರನ್ ಮೊಳಗುತ್ತಲೇ ಇತ್ತು. ಅಪ್ಪನಿಗೂ, ನಲವತ್ತೇಳು ಸೋಲಿಗೂ, ಕುಂಟುತ್ತಿದ್ದ ಆ ಮಂಡಿಗೂ ಸೇರಿಸಿ ಒತ್ತಿದೆ. ಕಣ್ಣಲ್ಲಿ ನೀರು ಬಂದಿತ್ತು. ಮರುಕ್ಷಣವೇ ಪಕ್ಕದ ಗಾಡಿ ಕೂಗಿತು, ಅದರ ಪಕ್ಕದ್ದು ಕೂಗಿತು, ಇಡೀ ಬೇಲಿಯೇ ಕೂಗಿತು. ಎಲ್ಲರೂ ಬೇರೆ ಯಾರೋ ಸೈರನ್ ಕೇಳಿಸಿಕೊಂಡಿದ್ದಾರೆ ಎಂದುಕೊಂಡರು.

"ನೋಲೀನ್!" ಎಂದು ಡೆಸ್ ನನ್ನ ತೋಳು ಹಿಡಿದು ಎಳೆದ. "ನೋಲೀನ್, ಸೈರನ್ ಆಗಿಲ್ಲ!"

ತಲೆ ಎತ್ತಿದೆ. ಗೂಡಿನಲ್ಲಿ ಅರ್ನಿ ಕರವಸ್ತ್ರದಿಂದ ಮೂಗು ಒರೆಸುತ್ತಿದ್ದ. ಮೈದಾನದಲ್ಲಿ ನಮ್ಮವರು ನಾಲ್ಕೈದು ಮಂದಿ ಕೈ ಮೇಲೆತ್ತಿ ನಿಂತಿದ್ದರು. ಡೇಮೋ ತನ್ನ ಜಾಗ ಬಿಟ್ಟು ಬೇಲಿಯ ಕಡೆಗೆ, ನಮ್ಮ ಕಡೆಗೆ, ಕುಂಟುತ್ತ ಓಡಿ ಬರುತ್ತಿದ್ದ. ಅವನ ಬೆನ್ನ ಹಿಂದೆ ಆ ಪೇಟೆಯ ಕುದುರೆ ಒಬ್ಬಂಟಿಯಾಗಿ ಚೆಂಡು ಹಿಡಿದು, ಬೀದಿಯಲ್ಲಿ ಅಡ್ಡಾಡುವವನ ಹಾಗೆ ಹೋಗಿ, ಕಂಬಗಳ ನಡುವೆ ಒದ್ದ. ಅಂಪೈರ್ ಗೋಲು ಕೊಟ್ಟ. ಚೆಂಡು ನಡುವಿಗೆ ಹೋಗುವಷ್ಟರಲ್ಲಿ ಅರ್ನಿ ಮತ್ತೆ ಎದ್ದು, ಮೈ ನೆಟ್ಟಗೆ ಮಾಡಿ, ಈ ಸಲ ನಿಜವಾಗಿ ಸೈರನ್ ಒತ್ತಿದ.

ಅರವತ್ತಾರು, ಅರವತ್ತೊಂದು. ನಲವತ್ತೆಂಟನೆಯ ಸೋಲು.

ಡೆಸ್ ಪೈ ಸುತ್ತಿದ್ದ ಕಾಗದವನ್ನು ಮಡಿಚಿ ಜೇಬಿಗಿಟ್ಟ. ಕೊನೆಗೆ, "ಯಾರಿಗೂ ಹೇಳಲ್ಲ ನಾನು," ಎಂದ. ಬೈದಿದ್ದರೆ ವಾಸಿಯಿತ್ತು.

ಕ್ಲಬ್ಬಿನ ಕೋಣೆಯಲ್ಲಿ ಚಹಾ, ಬಿಸ್ಕತ್ತು, ಸೋತವರ ವಾಸನೆ. ಮಾಂಸದಂಗಡಿಯ ಲೆಸ್ ಪ್ರತಿ ವಾರದಂತೆ ಕ್ಲಬ್ಬಿನ ಲಾಟರಿಗೆ ಒಂದು ತಟ್ಟೆ ಮಾಂಸ ಇನಾಮು ಕೊಟ್ಟಿದ್ದ. ಚೀಟಿ ಎತ್ತಿದರೆ ಗೆದ್ದವನು ಕೆಲ್ಟನ್‌ನ ಬಸ್ ಡ್ರೈವರ್. ತಟ್ಟೆ ಹೊತ್ತುಕೊಂಡು, "ಮುಂದಿನ ವರ್ಷದಿಂದ ನಾವೆಲ್ಲ ಒಂದೇ ಮನೆಯವರು ಬಿಡಿ," ಎಂದು ಹಲ್ಲು ಕಿಸಿದು ಹೋದ. ಅವರ ಬಸ್ಸುಗಳು ಹೊರಟ ಮೇಲೆ ವೇಯ್ನ್ ಬಾಗಿಲು ಹಾಕಿಸಿ ಸಭೆ ಶುರು ಮಾಡಿದ. ಎಂಬತ್ತಕ್ಕೂ ಮೇಲೆ ಜನ. ಡೇಮೋ ಗೋಡೆಗೆ ಒರಗಿ ನಿಂತಿದ್ದ. ನನ್ನ ಕಡೆ ನೋಡಿದ, ಆದರೆ ಹತ್ತಿರ ಬರಲಿಲ್ಲ.

"ಸೇರೋ ವಿಷಯಕ್ಕೆ ಮುಂಚೆ ಇನ್ನೊಂದು ವಿಷಯ," ಎಂದ ವೇಯ್ನ್. ಅವನ ಮುಖ ಕೆಂಪೇರಿತ್ತು. "ಇವತ್ತು ನಾವು ಸೋತಿಲ್ಲ. ನಮ್ಮನ್ನ ಸೋಲಿಸಿದ್ದು ಮೋಸದಿಂದ. ಸೈರನ್ನಿಗೆ ಮುಂಚೆ ಯಾವನೋ ಹಾರನ್ ಹೊಡೆದ. ನಮ್ಮವರು ಯಾಕ್ರೀ ಹೊಡೀತಾರೆ? ಆ ಹೊತ್ತಲ್ಲಿ ಹಾರನ್ ಹೊಡೆದರೆ ಲಾಭ ಯಾರಿಗೆ?"

"ಕೆಲ್ಟನ್‌ನವರಿಗೆ!" ಎಂದು ಹತ್ತು ಬಾಯಿ ಕೂಗಿದವು.

"ಲೀಗ್‌ಗೆ ದೂರು ಕೊಡೋಣ. ಇಂಥ ಕಳ್ಳರ ಜೊತೆ ಸೇರಬೇಕಾ ನಾವು?"

ನೆಲಕ್ಕೆ ಬೂಟು ಬಡಿಯುವ ಸದ್ದಿಗೆ ಕಪಾಟಿನ ಹಳೆ ಟ್ರೋಫಿಗಳು ನಡುಗಿದವು. ಕೋಣೆಯ ಗಾಳಿಯೇ ತಿರುಗಿತ್ತು. ಅರ್ಧ ಗಂಟೆಯ ಹಿಂದೆ ಸೇರಿಬಿಡೋಣ ಎನ್ನುತ್ತಿದ್ದವರೂ ಈಗ ಕೆಲ್ಟನ್ ಹೆಸರಿಗೆ ಉಗಿಯುತ್ತಿದ್ದರು. ಆ ಗಳಿಗೆಯಲ್ಲಿ ಕೈ ಎತ್ತಿಸಿದ್ದರೆ ಕ್ಲಬ್ ಉಳಿಯುತ್ತಿತ್ತು. ನನಗೆ ಅದು ಗೊತ್ತಾಯಿತು. ಪಕ್ಕದಲ್ಲಿದ್ದ ಡೆಸ್‌ಗೂ ಗೊತ್ತಾಯಿತು. ಅವನು ನನ್ನ ಕಿವಿಯ ಹತ್ತಿರ ಬಾಗಿದ.

"ಐದೇ ನಿಮಿಷ ಬಾಯಿ ಮುಚ್ಕೊಂಡಿರು ಮಾರಾಯ್ತಿ. ಜೀವನದಲ್ಲಿ ಒಂದ್ಸಲ."

ಮುಚ್ಚಿಕೊಂಡೇ ಇದ್ದೆ. ಗಾಳಿ, ಬಿಸಿಲು, ಅಂಪೈರನ ಹೆಂಡತಿ ಎಂದು ನೆಪ ಹೇಳುವವರನ್ನು ಜೀವನವಿಡೀ ಗೇಲಿ ಮಾಡಿದವಳು, ಅವೆಲ್ಲಕ್ಕಿಂತ ದೊಡ್ಡ ನೆಪ ನನ್ನ ಕಣ್ಣೆದುರೇ ಹುಟ್ಟಿ ಬೆಳೆಯುವುದನ್ನು ನೋಡುತ್ತ ಸುಮ್ಮನಿದ್ದೆ. ಕ್ಲಬ್ ಅಷ್ಟು ಬೇಕಿತ್ತು ನನಗೆ.

ಹಾಳು ಮಾಡಿದವನು ಲೆಸ್. ಅವನು ಹಿಂದಿನ ಸಾಲಿನಿಂದ ಗಂಟಲು ಸರಿಮಾಡಿಕೊಂಡ.

"ಹಾರನ್ ಯಾರಾದ್ರೂ ಹೊಡೀಲಿ ಕಣ್ರೀ. ಇಪ್ಪತ್ತು ವರ್ಷ ಆಡಿದ ಫುಲ್ ಬ್ಯಾಕಿಗೆ ಹಾರನ್ನಿಗೂ ಸೈರನ್ನಿಗೂ ವ್ಯತ್ಯಾಸ ಗೊತ್ತಾಗಲ್ವಾ? ಚೆಂಡು ಬಿಟ್ಟು ಓಡಿದ್ದು ಯಾಕೆ? ಡೇಮೋ ಕೆಲಸ ಮಾಡೋದು ಎಲ್ಲಿ? ಕೆಲ್ಟನ್ ಗೋದಾಮಲ್ಲಿ ತಾನೇ? ಸೇರಿದ ತಂಡಕ್ಕೆ ಕೋಚ್ ಯಾರಾಗ್ತಾರಂತೆ, ಅದನ್ನೂ ಕೇಳಿ."

ಯಾರೂ ಕೂಗಲಿಲ್ಲ. ಆದರೆ ತಲೆಗಳು ಒಂದೊಂದಾಗಿ ಗೋಡೆಯ ಕಡೆ ತಿರುಗಿದವು. ಡೇಮೋ ಬೂಟಿನ ತುದಿ ನೋಡುತ್ತ ನಿಂತಿದ್ದ. ಬಾಯಿ ಬಿಡಲಿಲ್ಲ. ಮೂವತ್ತು ಹೆಜ್ಜೆ ದೂರದಿಂದ ಅವನು ಎಲ್ಲವನ್ನೂ ನೋಡಿದ್ದ, ಯಾರ ಗಾಡಿ ಎಂದು ಅವನಿಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು.

ನಾನು ಎದ್ದೆ. ಡೆಸ್ ನನ್ನ ಸ್ವೆಟರಿನ ಚುಂಗು ಹಿಡಿದಿದ್ದ. ಬಿಡಿಸಿಕೊಂಡೆ.

"ಲೆಸ್, ಆರನೇ ಕ್ಲಾಸಲ್ಲಿ ನನ್ನ ಬಸ್ಸಲ್ಲಿ ಪಕ್ಕದ ಹುಡುಗನ ಊಟದ ಡಬ್ಬಿ ಕದ್ದು, ಅವನೇ ಬಿಸಾಕಿದ ಅಂತ ಹೇಳಿದ್ದೆ ನೀನು. ಮೂವತ್ತು ವರ್ಷ ಆಯ್ತು, ಇನ್ನೂ ಅದೇ ಕಸುಬು," ಎಂದೆ. "ಕೆಲ್ಟನ್‌ನವರು ಯಾರೂ ಹೊಡೀಲಿಲ್ಲ. ಹಾರನ್ ಹೊಡೆದಿದ್ದು ನಾನು. ಅರ್ನಿ ಎದ್ದಿದ್ದು ನೋಡಿ ಸೈರನ್ ಒತ್ತುತಾನೆ ಅಂದ್ಕೊಂಡೆ. ಅವನು ಸಿಂಬಳ ಒರೆಸಕ್ಕೆ ಎದ್ದಿದ್ದ."

ಅರ್ನಿ ತನ್ನ ಹೆಸರು ಕೇಳಿ ಎದ್ದು ನಿಂತ, ಏನೂ ಅರ್ಥವಾಗದೆ ಮತ್ತೆ ಕುಳಿತ.

"ನೀನಾ?" ಎಂದ ವೇಯ್ನ್. "ನೋಲೀನ್, ನೀನು ಹಾರನ್ ಹೊಡೆಯಲ್ವಲ್ಲ."

"ಹೊಡೆದೆ. ಗೆದ್ವಿ ಅಂದ್ಕೊಂಡೆ. ಡೇಮೋ ಯಾರಿಗೂ ಮಾರಿಕೊಂಡಿಲ್ಲ. ಕ್ಲಬ್ ಮುಳುಗಿಸಿದ್ದು ನಾನು. ದೂರು ಬರೆಯೋದಾದ್ರೆ ನನ್ನ ಹೆಸರು ಬರ್ಕೊಳ್ಳಿ, ಕಾಗುಣಿತ ತಪ್ಪದ ಹಾಗೆ."

ಬೈಗುಳ ಬರುತ್ತದೆ ಎಂದು ಕಾದೆ, ಬರಲಿಲ್ಲ. ಬದಲಿಗೆ ಎದ್ದವಳು ನೆಟ್‌ಬಾಲ್ ತಂಡದ ನಾಯಕಿ ಟೆಗನ್. ಬೆಳಗಿನ ಆಟದ ಉಡುಪಿನಲ್ಲೇ ಇದ್ದಳು.

"ಯಾರು ಹೊಡೆದ್ರು ಅಂತ ಅರ್ಧ ಗಂಟೆಯಿಂದ ಜಗಳ ಆಡ್ತಿದೀರಲ್ಲ. ನಾವು ಈ ವರ್ಷ ಹನ್ನೆರಡು ಮ್ಯಾಚ್ ಗೆದ್ವಿ. ಹಾರನ್ ಇರಲಿ, ಒಂದು ಸೈಕಲ್ ಬೆಲ್ ಹೊಡೆದವರು ಇದೀರಾ ಇಲ್ಲಿ? ಕೆಲ್ಟನ್‌ನಲ್ಲಿ ನೆಟ್‌ಬಾಲ್ ಅಂಕಣ ಮೈದಾನದ ಎದುರಿಗೇ ಇದೆ. ನಾವು ಸೇರೋ ಕಡೆಗೆ ಕೈ ಎತ್ತುತೀವಿ." ಅವಳು ಕುಳಿತಳು.

ಅವಳ ಮುಖ ನೋಡುವ ಯೋಗ್ಯತೆ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ, ನನಗೂ. ಶೌಚಾಲಯಕ್ಕೆ ಹೋಗುವಾಗ ದಾರಿಯಲ್ಲಿ ಅವರ ಆಟ ಎಷ್ಟೋ ಸಲ ಕಂಡಿದ್ದೆ, ನಿಂತಿರಲಿಲ್ಲ. ಗೆಲ್ಲುವವರು ಬೇಲಿಯ ಆಚೆ ಇದ್ದರು, ನಾನು ಸೋಲುವವರ ಮುಂದೆ ಕುಳಿತು ಗೆಲುವು ಕಾಯುತ್ತಿದ್ದೆ.

ವೇಯ್ನ್ ಕೈ ಎತ್ತಿಸಿದ. ಸೇರುವ ಕಡೆಗೆ ನಲವತ್ತಾರು, ಬೇಡವೆಂದವರು ಮೂವತ್ತೇಳು. ಎರಡೂ ಕೈ ಎತ್ತುತ್ತೇನೆ ಎಂದು ಚಳಿಗಾಲವಿಡೀ ಸಾರಿಕೊಂಡು ಬಂದವಳು ಆ ಮೂವತ್ತೇಳರಲ್ಲಿದ್ದೆ. ತೊಂಬತ್ತು ವರ್ಷದ ಕ್ಲಬ್ ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಯಾರೋ ಬಿಸ್ಕತ್ತು ಉಳಿದಿದೆ, ತಗೊಳ್ಳಿ ಎಂದರು.

ಹೊರಗೆ ಬಂದಾಗ ಡೇಮೋ ನನ್ನ ಪಿಕಪ್ಪಿನ ಹಿಂಬದಿಯ ಹಲಗೆ ಇಳಿಸಿಕೊಂಡು, ಮಂಡಿಯ ಮೇಲೆ ಐಸ್ ಚೀಲ ಇಟ್ಟುಕೊಂಡು ಕುಳಿತಿದ್ದ. ಗಾಡಿಗಳು ಒಂದೊಂದಾಗಿ ಹೊರಡುತ್ತಿದ್ದವು. ನನ್ನನ್ನು ನೋಡಿ ಕೆಲವರು ಕೈ ಬೀಸಿದರು, ಕೆಲವರು ಬೀಸಲಿಲ್ಲ.

"ಯಾಕಮ್ಮಾ ಹೇಳಿದೆ? ಸುಮ್ನಿದ್ದಿದ್ರೆ ಕ್ಲಬ್ ಉಳೀತಿತ್ತು."

"ನೀನು ಮಾರಿಕೊಂಡೆ ಅಂತಿದ್ದ ಆ ಲೆಸ್."

"ಲೆಸ್ ಏನಾದ್ರೂ ಅಂತಾನೇ ಇರ್ತಾನೆ."

"ನೀನ್ಯಾಕೆ ಬಾಯಿ ಬಿಡಲಿಲ್ಲ? ಅಮ್ಮ ಹಾರನ್ ಹೊಡೆದಳು, ಸೈರನ್ ಆಯ್ತು ಅಂದ್ಕೊಂಡೆ ಅಂತ ಹೇಳೋಕೆ ಏನಾಗಿತ್ತು?"

"ಸೈರನ್ ಆಯ್ತು ಅಂತ ಯಾರು ಅಂದ್ಕೊಂಡ್ರು?" ಎಂದ ಅವನು. "ಲೆಸ್ ಅದೊಂದು ಸರಿಯಾಗೇ ಹೇಳಿದ. ಹಾರನ್ ಯಾವುದು ಸೈರನ್ ಯಾವುದು ಗೊತ್ತಾಗಲ್ವಾ ನಂಗೆ?"

ನನಗೆ ರೇಗಿತು. "ಮತ್ತೆ ಯಾಕೋ ಗೂಬೆ, ಚೆಂಡು ಬಿಟ್ಟು ಬೇಲಿ ಕಡೆ ಓಡಿ ಬಂದೆ?"

ಅವನು ಐಸ್ ಚೀಲವನ್ನು ತಿರುಗಿಸಿ ಇಟ್ಟುಕೊಂಡ.

"ನಮ್ಮ ಗಾಡಿ ಹಾರನ್ ಕೇಳ್ತು. ತಿರುಗಿ ನೋಡಿದೆ. ನೀನು ಸ್ಟೀರಿಂಗ್ ಮೇಲೆ ತಲೆ ಹಾಕ್ಕೊಂಡು ಬಿದ್ದಿದ್ದೆ. ಹಾರನ್ ನಿಲ್ತಾನೇ ಇರಲಿಲ್ಲ. ಡೆಸ್ ನಿನ್ನ ತೋಳು ಹಿಡಿದು ಎಳೀತಿದ್ದ. ಸತ್ತೆ ಅಂದ್ಕೊಂಡೆ ಅಮ್ಮಾ."

"ಸತ್ತೆ ಅಂತಲಾ?"

"ಹಾರ್ಟ್ ನಿಂತುಹೋಯ್ತು ಅಂತ."

"ಖುಷಿಗೆ ಹೊಡೆದಿರಬಹುದು ಅಂತ ಹೊಳೀಲಿಲ್ವೇನೋ ನಿಂಗೆ?"

ಅವನು ನಿಜವಾಗಿಯೂ ಯೋಚಿಸಿದ. ನನಗೆ ಸುಳ್ಳು ಹೇಳಬಾರದು ಎಂಬಂತೆ ಯೋಚಿಸಿದ.

"ಇಲ್ಲ," ಎಂದ. "ಅದೊಂದು ಹೊಳೀಲೇ ಇಲ್ಲ."

ಅದರಲ್ಲಿ ಕೊಂಕಿರಲಿಲ್ಲ, ದೂರಿರಲಿಲ್ಲ. ಇಪ್ಪತ್ತೊಂದು ವರ್ಷ ನನ್ನ ಕಣ್ಣೆದುರು ಆಡಿದ ಮಗನಿಗೆ, ಅಮ್ಮ ನಮ್ಮನ್ನು ನಂಬಿದಳು ಎನ್ನುವುದಕ್ಕಿಂತ ಅಮ್ಮ ಸತ್ತಳು ಎನ್ನುವುದು ನಂಬಲು ಸುಲಭವಾಗಿತ್ತು. ನಾಲಿಗೆಯ ತುದಿಗೆ ಒಂದೂ ಬೈಗುಳ ಬರಲಿಲ್ಲ. ಹಲಗೆಯ ಮೇಲೆ ಅವನ ಪಕ್ಕ ಹತ್ತಿ ಕುಳಿತೆ. ಐಸ್ ಚೀಲ ಮತ್ತೆ ಜಾರುತ್ತಿತ್ತು. ಅದನ್ನು ಅವನ ಮಂಡಿಗೆ ಒತ್ತಿ ಹಿಡಿದುಕೊಂಡೆ.

"ನೀನು ಇವತ್ತು ಚೆನ್ನಾಗಿ ಆಡಿದೆ," ಎಂದೆ.

ಅವನು ತಿರುಗಿ ನನ್ನ ಮುಖವನ್ನೇ ದಿಟ್ಟಿಸಿದ.

"ಅಮ್ಮಾ, ಮೈ ಹುಷಾರಿದೆ ತಾನೇ?" ಎಂದು ಕೇಳಿದ.